1871ರ ಕಾಯಿದೆ 2011ರಲ್ಲಿ ಬೆಂಗಳೂರಿಗೆ ಬಂದ ಬಗೆ

ಮೇಜಿನ ಮೇಲೆ ಎರಡು ಹಾಳೆಗಳಿವೆ. ಒಂದು, ಬ್ರಿಟಿಷ್ ಸರ್ಕಾರ 1871ರಲ್ಲಿ ಜಾರಿಗೆ ತಂದ 'ಕ್ರಿಮಿನಲ್ ಟ್ರೈಬ್ಸ್ ಆಕ್ಟ್' ಅಥವಾ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗ. ಇನ್ನೊಂದು, ನಮ್ಮ ಕರ್ನಾಟಕ ಪೊಲೀಸ್ ಕಾಯಿದೆಗೆ 2011ರಲ್ಲಿ ಸೇರಿಸಿದ 36ಎ ಎಂಬ ಕಲಮು. ನಡುವೆ 140 ವರ್ಷಗಳ ಅಂತರ. ಒಂದನ್ನು ಬರೆದವರು ವೈಸರಾಯ್ ಮಂಡಲಿಯ ಇಂಗ್ಲಿಷ್ ಅಧಿಕಾರಿಗಳು. ಇನ್ನೊಂದನ್ನು ಅಂಗೀಕರಿಸಿದವರು ನಾವೇ ಮತ ಹಾಕಿ ಕಳುಹಿಸಿದ ಜನಪ್ರತಿನಿಧಿಗಳು.

ಮೊದಲ ಹಾಳೆ ಹೀಗೆ ಹೇಳುತ್ತದೆ: ಮಕ್ಕಳನ್ನು ಅಪಹರಿಸುತ್ತಾರೆ, ಅವರ ಪುರುಷತ್ವ ಕಳೆಯುತ್ತಾರೆ ಅಥವಾ ಅಸ್ವಾಭಾವಿಕ ಅಪರಾಧ ಎಸಗುತ್ತಾರೆ ಎಂದು 'ಸಕಾರಣವಾಗಿ ಸಂಶಯ'ಕ್ಕೆ ಒಳಗಾದ ಎಲ್ಲ 'ಯೂನಕ್'ಗಳ ಹೆಸರು, ವಿಳಾಸ ಬರೆದಿಡುವ ರಿಜಿಸ್ಟರನ್ನು ಸರ್ಕಾರ ಇಡತಕ್ಕದ್ದು. ಎರಡನೆಯ ಹಾಳೆಯೂ ಇದನ್ನೇ ಹೇಳುತ್ತದೆ. ಸರ್ಕಾರದ ಜಾಗದಲ್ಲಿ ಪೊಲೀಸ್ ಕಮಿಷನರ್ ಬಂದಿದ್ದಾರೆ, ಅಷ್ಟೇ. ಹೆಸರು, ವಿಳಾಸ, ರಿಜಿಸ್ಟರು, ಸಂಶಯ ಎಲ್ಲವೂ ಇದ್ದ ಹಾಗೆಯೇ ಇವೆ. ಹಳೆಯ ಕಡತದ ನಕಲು ತೆಗೆದು ತಾರೀಖು ಬದಲಿಸಿದಂತೆ ಕಾಣುತ್ತದೆ.

2011ರಲ್ಲಿ ಈ ಲೇಖಕ ಇನ್ನೂ ಶಾಲೆಯಲ್ಲಿದ್ದ. ಆಗ ಮನೆಯಲ್ಲಿ ಯಾರೂ ಈ ತಿದ್ದುಪಡಿಯ ಬಗ್ಗೆ ಮಾತಾಡಿದ್ದು ನೆನಪಿಲ್ಲ. ಶಾಲೆಯಲ್ಲೂ ಇಲ್ಲ, ಬಸ್ಸಿನಲ್ಲೂ ಇಲ್ಲ. ಒಂದು ವರ್ಗದ ಜನರನ್ನು ಹೆಸರಿಟ್ಟು ಕರೆದು ಪೊಲೀಸ್ ಪುಸ್ತಕಕ್ಕೆ ಸೇರಿಸುವ ಕಾನೂನು ವಿಧಾನಸೌಧದಿಂದ ಹೊರಬಂದಾಗ ಉಳಿದ ನಾವೆಲ್ಲ ಅಷ್ಟು ಸುಮ್ಮನಿದ್ದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲ ಹಾಳೆಯ ಚರಿತ್ರೆಗೆ ಹೋಗಬೇಕು.

ಗಂಡಾಗಿ ಹುಟ್ಟಿದರೂ ಹೆಣ್ಣಿನ ಉಡುಗೆ ತೊಟ್ಟು, ಗುರು-ಚೇಲಾ ಎಂಬ ಕಟ್ಟಿನಲ್ಲಿ ಒಟ್ಟಾಗಿ ಬದುಕುವ ಹಿಜ್ರಾ ಸಮುದಾಯ ಭಾರತಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದ ಯಲ್ಲಮ್ಮನ ಜೋಗಪ್ಪಗಳು ಇವರಿಗಿಂತ ಭಿನ್ನವಾದ, ಆದರೆ ಇವರಷ್ಟೇ ಹಳೆಯದಾದ ಪರಂಪರೆಯವರು. ಅರಮನೆಗಳಲ್ಲಿದ್ದ ಖ್ವಾಜಾಸರಾಗಳದು ಮತ್ತೊಂದು ಬಗೆ. 1311ರಲ್ಲಿ ಹೊಯ್ಸಳರ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದ ಮಲಿಕ್ ಕಾಫೂರ್ ಅಂಥವನು. ಶಾಲೆಯ ಪಾಠದಲ್ಲಿ ಅವನು ಕೇವಲ ಸೇನಾಪತಿ. ಪರೀಕ್ಷೆಗೆ ಅಷ್ಟು ಸಾಕು ಎಂದು ಮೇಷ್ಟ್ರು ಮುಂದೆ ಹೋಗುತ್ತಾರೆ.

ಮರಾಠರ ಆಳ್ವಿಕೆಯ ಪ್ರದೇಶಗಳಲ್ಲಿ ಕೆಲವು ಹಿಜ್ರಾಗಳಿಗೆ ಹಳ್ಳಿಗಳಿಂದ ಇಷ್ಟು ದವಸ, ಇಷ್ಟು ಕಾಸು ಎತ್ತುವ ಹಕ್ಕಿತ್ತು. ಕೆಲವರಿಗೆ ಜಮೀನೂ ಇತ್ತು. ಅದಕ್ಕೆ ಸನದುಗಳಿದ್ದವು, ಅದು ಗುರುವಿನಿಂದ ಚೇಲಾನಿಗೆ ಇಳಿದು ಬರುತ್ತಿತ್ತು. ಆ ಕಾಲ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು ಎಂದೇನೂ ಅಲ್ಲ. ಆದರೆ ಊರಿನ ಲೆಕ್ಕದಲ್ಲಿ ಅವರಿಗೊಂದು ಬಾಬ್ತು ಇತ್ತು. ಮುಂಬಯಿ ಪ್ರಾಂತ ಇಂಗ್ಲಿಷರ ಕೈಗೆ ಬಂದ ಮೇಲೆ, 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಇಂಥ ಹಕ್ಕುಗಳಿಗೆ ಸರ್ಕಾರದ ಮಾನ್ಯತೆ ತಪ್ಪಿತು. ಮೊದಲ ಪೆಟ್ಟು ಬಿದ್ದದ್ದು ಹೊಟ್ಟೆಯ ಮೇಲೆ.

ಎರಡನೆಯ ಪೆಟ್ಟು ಉತ್ತರದಲ್ಲಿ ಬಿತ್ತು. 1852ರಲ್ಲಿ ಈಗಿನ ಉತ್ತರ ಪ್ರದೇಶದ ಮೈನ್‌ಪುರಿ ಜಿಲ್ಲೆಯಲ್ಲಿ ಭೂರಾ ಎಂಬ ಹಿಜ್ರಾಳ ಕೊಲೆಯಾಯಿತು. ಇತಿಹಾಸಕಾರ್ತಿ ಜೆಸಿಕಾ ಹಿಂಚಿ 2019ರಲ್ಲಿ ಪ್ರಕಟವಾದ ತಮ್ಮ ಸಂಶೋಧನಾ ಗ್ರಂಥದಲ್ಲಿ ಈ ಪ್ರಕರಣವನ್ನು ವಿವರವಾಗಿ ಚರ್ಚಿಸಿದ್ದಾರೆ. ಕೊಲೆಯಾದವಳು ಹಿಜ್ರಾ. ಆದರೆ ವಿಚಾರಣೆಯ ನಂತರ ಅಧಿಕಾರಿಗಳ ಕಣ್ಣು ಬಿದ್ದದ್ದು ಇಡೀ ಹಿಜ್ರಾ ಸಮುದಾಯದ ಮೇಲೆ. ಇವರು ಆಳ್ವಿಕೆಗೆ ಅಪಾಯ, ಇವರನ್ನು ಹತೋಟಿಯಲ್ಲಿಡಬೇಕು ಎಂಬ ಮಾತು ಕಚೇರಿಯಿಂದ ಕಚೇರಿಗೆ ಹಬ್ಬಿ, ಇಪ್ಪತ್ತು ವರ್ಷ ತುಂಬುವ ಮೊದಲೇ ಕಾಯಿದೆಯಾಗಿ ನಿಂತಿತು.

1871ರ ಅಕ್ಟೋಬರಿನಲ್ಲಿ ಬಂದ ಆ ಕಾಯಿದೆ ಹುಟ್ಟಿನಿಂದಲೇ ಅಪರಾಧಿಗಳೆಂದು ಹಲವು ಬುಡಕಟ್ಟುಗಳನ್ನು ಗುರುತಿಸಿದ್ದು ಬಹಳ ಜನರಿಗೆ ಗೊತ್ತು. ಅದಕ್ಕೆ ಎರಡನೆಯ ಭಾಗವೂ ಇತ್ತೆಂಬುದು ಅಷ್ಟಾಗಿ ಗೊತ್ತಿಲ್ಲ. ಮೊದಲಿಗೆ ಅದು ಅನ್ವಯಿಸಿದ್ದು ವಾಯವ್ಯ ಪ್ರಾಂತಗಳು, ಅವಧ್ ಮತ್ತು ಪಂಜಾಬಿಗೆ.

ಅದರ ಕಲಮುಗಳನ್ನು ಒಂದೊಂದಾಗಿ ಓದುವುದು ಒಳ್ಳೆಯದು. ನಪುಂಸಕನೆಂದು ತಾನೇ ಒಪ್ಪಿಕೊಂಡ ಅಥವಾ ವೈದ್ಯಕೀಯ ತಪಾಸಣೆಯಲ್ಲಿ ಹಾಗೆ ಕಂಡುಬಂದ ಯಾವ ಗಂಡಸಾದರೂ ಈ ಕಾಯಿದೆಯ ವ್ಯಾಖ್ಯೆಗೆ ಒಳಪಡುತ್ತಿದ್ದ. ಎಂದರೆ, ಒಬ್ಬ ಮನುಷ್ಯನ ಮೈಯನ್ನು ಪರೀಕ್ಷಿಸಿ ಅವನು ಯಾರೆಂದು ತೀರ್ಮಾನಿಸುವ ಅಧಿಕಾರ ಸರ್ಕಾರದ ಕೈಗೆ ಬಂತು. ರಿಜಿಸ್ಟರಿಗೆ ಹೆಸರು ಸೇರಿದ ಮೇಲೆ ಹೆಣ್ಣಿನಂತೆ ಉಟ್ಟುತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ವಾರಂಟ್ ಇಲ್ಲದೆ ಬಂಧನ. ಬೀದಿಯಲ್ಲೇ ಇರಬೇಕೆಂದಿಲ್ಲ, ಬೀದಿಯವರಿಗೆ ಕಾಣಲೆಂದು ಬೇರೆಲ್ಲಾದರೂ ನಿಂತಿದ್ದರೂ ಸಾಕು. ಕುಣಿದರೆ, ವಾದ್ಯ ನುಡಿಸಿದರೆ, ಖಾಸಗಿ ಮನೆಯಲ್ಲಿ ದುಡ್ಡು ಪಡೆದು ಹಾಡಿ ಕುಣಿದರೂ ಅದೇ ಶಿಕ್ಷೆ: ಎರಡು ವರ್ಷಗಳವರೆಗೆ ಜೈಲು, ದಂಡ ಅಥವಾ ಎರಡೂ. ಮನೆಯಲ್ಲಿ 16 ವರ್ಷದೊಳಗಿನ ಹುಡುಗನಿದ್ದರೂ ಜೈಲು.

ಇವೆಲ್ಲಕ್ಕಿಂತ ಕ್ರೂರವಾದದ್ದು, ನನ್ನ ದೃಷ್ಟಿಯಲ್ಲಿ, 29ನೆಯ ಕಲಮು. ರಿಜಿಸ್ಟರಿನಲ್ಲಿರುವವರು ಯಾರಿಗೂ ಪೋಷಕರಾಗುವಂತಿಲ್ಲ, ದಾನ ಕೊಡುವಂತಿಲ್ಲ, ಉಯಿಲು ಬರೆಯುವಂತಿಲ್ಲ, ದತ್ತು ತೆಗೆದುಕೊಳ್ಳುವಂತಿಲ್ಲ. ಹೊಡೆತ, ಬಡಿತ, ಜೈಲು ಯಾವುದೂ ಇದರಲ್ಲಿಲ್ಲ. ಆದರೆ ಗುರು ತನ್ನ ಒಡವೆ, ಮನೆ, ಹಕ್ಕು ಎಲ್ಲವನ್ನೂ ಚೇಲಾಳಿಗೆ ಬಿಟ್ಟು ಹೋಗುವುದೇ ಆ ಸಮುದಾಯದ ವಂಶಾವಳಿ. ಆ ಎಳೆಯನ್ನೇ ಕತ್ತರಿಸಿದರೆ ಮುಂದಿನ ತಲೆಮಾರು ಎಲ್ಲಿಂದ ಬರಬೇಕು? ಕಾಲಕ್ರಮದಲ್ಲಿ ಹಿಜ್ರಾಗಳೇ ಇಲ್ಲದಂತೆ ಮಾಡುವುದು ಆಗಿನ ಆಡಳಿತದ ಉದ್ದೇಶವಾಗಿತ್ತೆಂದು ಹಿಂಚಿ ವಾದಿಸುತ್ತಾರೆ. ಈ ಕಲಮನ್ನು ಓದಿದವರಿಗೆ ಆ ವಾದ ಅತಿಯಾಯಿತು ಅನ್ನಿಸುವುದಿಲ್ಲ.

ಸಂಶಯ ಎಂಬ ಪದ ಪೊಲೀಸರ ಕೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 1884ರ ಒಂದು ಮೊಕದ್ದಮೆ ಸಾಕು. ಮೊರಾದಾಬಾದಿನ ಖೈರಾತಿ ಎಂಬಾತ ಹೆಣ್ಣುಡುಗೆಯಲ್ಲಿ ಹಾಡುತ್ತಿದ್ದಾಗ ಸಿಕ್ಕಿಬಿದ್ದ. ವೈದ್ಯರು ಮೈ ಪರೀಕ್ಷಿಸಿದರು. ದಂಡಸಂಹಿತೆಯ 377ನೆಯ ಕಲಮಿನಡಿ ಕೆಳಗಿನ ನ್ಯಾಯಾಲಯ ಶಿಕ್ಷೆಯನ್ನೂ ಕೊಟ್ಟಿತು. ಯಾವ ದಿನ, ಯಾವ ಸ್ಥಳದಲ್ಲಿ, ಯಾರೊಂದಿಗೆ ಅಪರಾಧ ನಡೆಯಿತು? ದೋಷಾರೋಪಣೆಯಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಅಲಹಾಬಾದ್ ಹೈಕೋರ್ಟ್ ಖೈರಾತಿಯನ್ನು ಬಿಡುಗಡೆ ಮಾಡಬೇಕಾಯಿತು. ಹಾಗೆಂದು ನ್ಯಾಯಮೂರ್ತಿ ಸ್ಟ್ರೇಟ್ ಅವರಿಗೆ ಆರೋಪಿಯ ಮೇಲೆ ಕನಿಕರವೇನೂ ಇರಲಿಲ್ಲ. ಇಂಥ ನಡವಳಿಕೆಯನ್ನು ಹತ್ತಿಕ್ಕುವ ಅಧಿಕಾರಿಗಳ ಬಯಕೆ ತಮಗೆ ಅರ್ಥವಾಗುತ್ತದೆ, ಆದರೆ ಅದಕ್ಕಾಗಿ ಕಾನೂನನ್ನೇ ಮೀರಲಾಗದು ಎಂಬ ಧಾಟಿಯಲ್ಲಿ ಅವರು ಬರೆದರು.

1911ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಹೊಸದಾಗಿ ಬರೆದಾಗ ಹಿಜ್ರಾಗಳ ಕುರಿತ ಭಾಗ ಕೈಬಿಟ್ಟುಹೋಯಿತು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಇಡೀ ಕಾಯಿದೆಯೇ ರದ್ದಾಯಿತು. ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಅದರ ಪ್ರತಿಯೊಂದು ನಿಜಾಮರ ಹೈದರಾಬಾದಿಗೆ ತಲುಪಿತ್ತು.

ಅಲ್ಲಿ ಅದು ಬಂದದ್ದು ಫಸಲಿ 1329ರಲ್ಲಿ. ಫಸಲಿ ಎಂದರೆ ಕಂದಾಯ ಲೆಕ್ಕದ ವರ್ಷ. 590 ಕೂಡಿಸಿದರೆ ನಮ್ಮ ಕ್ಯಾಲೆಂಡರಿನ 1919 ಸಿಗುತ್ತದೆ. ಬೀದರ್, ಗುಲ್ಬರ್ಗ, ರಾಯಚೂರುಗಳು ಆಗ ಆ ಸಂಸ್ಥಾನದೊಳಗೇ ಇದ್ದವು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಅದೇ ರಿಜಿಸ್ಟರು, ಅದೇ ಸಂಶಯ. ಹೆಣ್ಣುಡುಗೆಗೂ ಬೀದಿಯ ಕುಣಿತಕ್ಕೂ ಅದೇ ಎರಡು ವರ್ಷಗಳ ಶಿಕ್ಷೆ. ಸಂಸ್ಥಾನ ಹೋಯಿತು, ನಿಜಾಮರು ಹೋದರು, ಭಾಷಾವಾರು ಪ್ರಾಂತಗಳಾದವು. ಆದರೆ ಈ ಕಾಯಿದೆ 'ಆಂಧ್ರಪ್ರದೇಶ (ತೆಲಂಗಾಣ ಪ್ರದೇಶ)' ಎಂಬ ಹೊಸ ಹೆಸರಿನಲ್ಲಿ ಪುಸ್ತಕದಲ್ಲಿ ಉಳಿಯಿತು. ಬಳಕೆ ತಪ್ಪಿದ ಕಾಯಿದೆಗಳನ್ನು ನಾವು ಸತ್ತವೆಂದು ಭಾವಿಸುತ್ತೇವೆ. ಅವು ಮಲಗಿರುತ್ತವೆ, ಅಷ್ಟೇ.

ಈಗ ಬೆಂಗಳೂರಿಗೆ ಬರೋಣ. ಇಲ್ಲಿ ಪೊಲೀಸರಿಗೂ ಹಿಜ್ರಾಗಳಿಗೂ ತಿಕ್ಕಾಟ 2011ಕ್ಕೆ ಶುರುವಾದದ್ದಲ್ಲ. ಪಿಯುಸಿಎಲ್ ಸಂಘಟನೆಯ ಕರ್ನಾಟಕ ಘಟಕ 2003ರಲ್ಲೇ ನಗರದ ಹಿಜ್ರಾ ಮತ್ತು ಕೋತಿ ಲೈಂಗಿಕ ವೃತ್ತಿನಿರತರ ಮೇಲಿನ ದೌರ್ಜನ್ಯಗಳ ಬಗ್ಗೆ ವರದಿ ಪ್ರಕಟಿಸಿತ್ತು. ಬೀದಿ, ಠಾಣೆ, ಮನೆ, ಆಸ್ಪತ್ರೆ ಎಲ್ಲ ಕಡೆ ಅವರು ಅನುಭವಿಸುತ್ತಿದ್ದ ಹಿಂಸೆ ಅದರಲ್ಲಿ ದಾಖಲಾಗಿದೆ. 2008ರ ಅಕ್ಟೋಬರಿನಲ್ಲಿ ಗಿರಿನಗರ ಠಾಣೆಯ ಪೊಲೀಸರು ಐವರು ಹಿಜ್ರಾಗಳನ್ನು ಬಂಧಿಸಿದಾಗ, ವಿಚಾರಿಸಲು ಹೋದ ಹಕ್ಕುಗಳ ಕಾರ್ಯಕರ್ತರೂ ಬಂಧನಕ್ಕೊಳಗಾದರು.

ಹೀಗಿರುವಾಗ ಬಂದದ್ದು 36ಎ ಕಲಮು. 'ಅನಪೇಕ್ಷಿತ ಚಟುವಟಿಕೆ'ಗಳನ್ನು ತಡೆಯಲು ಅಥವಾ ನಿಯಂತ್ರಿಸಲು ಕಮಿಷನರ್ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿ, ತಮ್ಮ ವ್ಯಾಪ್ತಿಯಲ್ಲಿ ವಾಸಿಸುವ, ಸಂಶಯಕ್ಕೆ ಒಳಗಾದವರ ರಿಜಿಸ್ಟರು ಇಡಬಹುದು. ಅದರಲ್ಲಿರುವವರು ಯಾವ ಯಾವ ಚಟುವಟಿಕೆ ಮಾಡಕೂಡದು ಎಂದು ಆದೇಶಿಸಬಹುದು. ಅಗತ್ಯವೆಂದು ತೋರುವ ಬೇರಾವ ವಿಷಯದಲ್ಲಾದರೂ ಆದೇಶ ಮಾಡಬಹುದು. ಹೆಸರು ಸೇರಿಸಿದ್ದಕ್ಕೆ ಆಕ್ಷೇಪಣೆ ಸಲ್ಲಿಸಲು ಅವಕಾಶವುಂಟು, ನಿಜ. ಆದರೆ ಅದರ ಏರ್ಪಾಡೂ ಕಮಿಷನರ್ ಆದೇಶದಂತೆಯೇ.

ಹಾಗೆ ನೋಡಿದರೆ ಒಂದು ವಿಷಯದಲ್ಲಿ 1871ರ ಇಂಗ್ಲಿಷರೇ ಮೇಲು ಎನ್ನಬೇಕು. ಏನೇನು ನಿಷಿದ್ಧ ಎಂಬುದನ್ನು ಅವರು ಕಾಯಿದೆಯಲ್ಲೇ ಬರೆದಿದ್ದರು. 2011ರವರು ಅದನ್ನೂ ಅಧಿಕಾರಿಯ ವಿವೇಚನೆಗೆ ಬಿಟ್ಟರು. ಅನಪೇಕ್ಷಿತ ಎಂದರೆ ಯಾರಿಗೆ ಅನಪೇಕ್ಷಿತ?

ಮಕ್ಕಳ ಅಪಹರಣವಾದರೆ, ಬಲವಂತವಾಗಿ ಅಂಗಚ್ಛೇದ ಮಾಡಿದರೆ ಸುಮ್ಮನಿರಬೇಕೆ ಎಂದು ಓದುಗರು ಕೇಳಬಹುದು. ಸಿಗ್ನಲ್‌ನಲ್ಲಿ ಕಾರಿನ ಗಾಜು ತಟ್ಟಿಸಿಕೊಂಡು ಕಿರಿಕಿರಿಪಟ್ಟವರು ಇನ್ನೂ ಗಟ್ಟಿಯಾಗಿ ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೇ, ಉತ್ತರವೂ ಕಷ್ಟದ್ದಲ್ಲ. ಅಪಹರಣಕ್ಕೆ 1860ರ ಭಾರತೀಯ ದಂಡಸಂಹಿತೆಯಲ್ಲೇ ಶಿಕ್ಷೆಯಿತ್ತು. ತೀವ್ರ ಗಾಯಗಳ ಪಟ್ಟಿಯಲ್ಲಿ ಪುರುಷತ್ವ ಕಳೆಯುವುದು ಮೊಟ್ಟಮೊದಲ ಬಾಬ್ತಾಗಿತ್ತು. ಮಕ್ಕಳನ್ನು ಭಿಕ್ಷೆಗೆ ಹಚ್ಚಲು ಅಪಹರಿಸಿ ಅಂಗವಿಕಲರನ್ನಾಗಿಸುವುದಕ್ಕೆ 1959ರಲ್ಲಿ ಪ್ರತ್ಯೇಕ ಕಲಮೂ ಸೇರಿತು. ಈ ಅಪರಾಧಗಳನ್ನು ಯಾರು ಮಾಡಿದರೂ ಶಿಕ್ಷೆ ಒಂದೇ. ಅಪರಾಧಿಯನ್ನು ಹಿಡಿಯಲು 36ಎ ಬೇಕಿರಲಿಲ್ಲ. ಏನನ್ನೂ ಮಾಡದವರನ್ನು ಪಟ್ಟಿಗೆ ಸೇರಿಸಲು ಮಾತ್ರ ಅದು ಬೇಕಿತ್ತು. ಒಬ್ಬ ವ್ಯಾಪಾರಿ ಕಲಬೆರಕೆ ಮಾಡಿದನೆಂದು ಊರಿನ ಎಲ್ಲ ವ್ಯಾಪಾರಿಗಳ ಹೆಸರನ್ನು ಠಾಣೆಯಲ್ಲಿ ಬರೆದಿಟ್ಟರೆ ಮರುದಿನ ಪೇಟೆ ಬಂದ್ ಆಗುತ್ತದೆ. ಬಂದ್ ಮಾಡಿಸುವ ಶಕ್ತಿ ಇಲ್ಲದವರ ಮೇಲೆ ಇಂಥ ಕಾನೂನು ಸಲೀಸಾಗಿ ಬರುತ್ತದೆ.

ವಿಪರ್ಯಾಸವೆಂದರೆ ಅದೇ 2011ರ ಜನಗಣತಿಯಲ್ಲಿ ಭಾರತ ಸರ್ಕಾರ ಮೊದಲ ಬಾರಿಗೆ ಗಂಡು, ಹೆಣ್ಣು ಎಂಬೆರಡರ ಜೊತೆಗೆ 'ಇತರೆ' ಎಂಬ ಕಾಲಮು ಇಟ್ಟಿತು. ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ಅದರಡಿ ಎಣಿಕೆಯಾದರು. ಒಂದು ಸರ್ಕಾರ ಇವರನ್ನು ಪ್ರಜೆಗಳೆಂದು ಎಣಿಸುತ್ತಿದ್ದ ವರ್ಷವೇ ಇನ್ನೊಂದು ಸರ್ಕಾರ ಇವರನ್ನು ಶಂಕಿತರೆಂದು ಪಟ್ಟಿ ಮಾಡಲು ಹೊರಟಿತ್ತು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು 'ನಾಲ್ಸಾ' ಪ್ರಕರಣದಲ್ಲಿ ತೀರ್ಪು ನೀಡಿತು. ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗಿಯೋ ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಸಾರಿದರು. 1871ರ ವೈದ್ಯಕೀಯ ತಪಾಸಣೆಗೆ ಕೊಟ್ಟ ಉತ್ತರವೆಂದೇ ಇದನ್ನು ಓದಬಹುದು. ಆದರೆ ದೆಹಲಿಯ ತೀರ್ಪು ಬೆಂಗಳೂರಿನ ಬೀದಿಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ನಗರದಲ್ಲಿ 167 ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ಹಿಡಿದು, 1975ರ ಭಿಕ್ಷಾಟನೆ ನಿಷೇಧ ಕಾಯಿದೆಯ ಹೆಸರಿನಲ್ಲಿ ನಿರಾಶ್ರಿತರ ಕೇಂದ್ರದಲ್ಲಿ ಕೂಡಿಹಾಕಲಾಯಿತು. ಪ್ರತಿಭಟನೆಯಾದ ಮೇಲೆ ಅವರನ್ನು ಬಿಟ್ಟರು.

36ಎ ಕಲಮನ್ನು ಪ್ರಶ್ನಿಸಿದವರು ಶಾಸಕರಲ್ಲ, ದೊಡ್ಡ ಪಕ್ಷಗಳೂ ಅಲ್ಲ. ಕರ್ನಾಟಕ ಸೆಕ್ಸುಯಲ್ ಮೈನಾರಿಟೀಸ್ ಫೋರಂ ಎಂಬ ಸಂಘಟನೆ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿತು. ಪ್ರಕರಣ ನಡೆಯುತ್ತಿರುವಾಗಲೇ, 2016ರಲ್ಲಿ, ಸರ್ಕಾರ ತಿದ್ದುಪಡಿ ತಂದು 'ಯೂನಕ್' ಎಂಬ ಪದ ತೆಗೆಯಿತು. ಅದರ ಜಾಗದಲ್ಲಿ 'ವ್ಯಕ್ತಿ' ಎಂಬ ಪದ ಬಂತು. ಅವಮಾನಕರ ಪದ ಹೋದದ್ದು ಸಣ್ಣ ಗೆಲುವಲ್ಲ. ಅದರ ಹಿಂದೆ ವರ್ಷಗಳ ಓಡಾಟವಿದೆ.

ಆದರೆ ಕಲಮನ್ನು ಕಿತ್ತುಹಾಕಲಿಲ್ಲ. ಪದ ಬದಲಾದ ಮೇಲೆ ಅದು ಇನ್ನೂ ವಿಚಿತ್ರವಾಯಿತು. 'ಹುಡುಗರ ಅಪಹರಣ, ಪುರುಷತ್ವ ಕಳೆಯುವುದು' ಎಂಬ ಹಳೆಯ ಮಾತುಗಳು ಯಾರನ್ನು ಉದ್ದೇಶಿಸಿ ಬರೆದದ್ದೆಂದು ಠಾಣೆಯಲ್ಲಿ ಎಲ್ಲರಿಗೂ ಗೊತ್ತು. ಅದೇ ವೇಳೆ ಅಕ್ಷರಶಃ ಓದಿದರೆ ಈಗ ನೀವೂ ವ್ಯಕ್ತಿಯೇ, ನಾನೂ ವ್ಯಕ್ತಿಯೇ. ಯಾವುದೇ ಅಪರಾಧದ ಸಂಶಯದ ಮೇಲೆ, ಶಿಕ್ಷೆಯಾಗದೆ, ವಿಚಾರಣೆಯೇ ಇಲ್ಲದೆ ಯಾರ ಹೆಸರನ್ನಾದರೂ ರಿಜಿಸ್ಟರಿಗೆ ಸೇರಿಸಬಹುದು, ಅವರ ಚಟುವಟಿಕೆ ನಿಷೇಧಿಸಬಹುದು. ಹಿಜ್ರಾಗಳಿಗೆ ತೋಡಿದ ಹಳ್ಳದ ಬಾಯಿ ಅಗಲವಾಯಿತೇ ಹೊರತು ಮುಚ್ಚಲಿಲ್ಲ.

ಪೂರ್ತಿ ಮುಚ್ಚುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಪಕ್ಕದ ರಾಜ್ಯವೇ ಸಾಕ್ಷಿ. ಹೈದರಾಬಾದಿನ ಫಸಲಿ ಕಾಯಿದೆಯನ್ನು ವೈಜಯಂತಿ ವಸಂತ ಮೊಗ್ಲಿ ಮತ್ತಿತರರು 2018ರಲ್ಲಿ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2023ರ ಜುಲೈನಲ್ಲಿ ಮುಖ್ಯ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರಿದ್ದ ತೆಲಂಗಾಣ ಹೈಕೋರ್ಟಿನ ಪೀಠ ಅದು ಸಂವಿಧಾನಬಾಹಿರ ಎಂದು ಹೇಳಿ ಹೊಡೆದುಹಾಕಿತು. 1919ರಿಂದ ಲೆಕ್ಕ ಹಾಕಿದರೆ 104 ವರ್ಷ.

ಕರ್ನಾಟಕವೂ ಒಳ್ಳೆಯ ಹೆಜ್ಜೆಗಳನ್ನಿಟ್ಟಿದೆ. 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ರಾಜ್ಯ ನೀತಿ ಒಪ್ಪಿತವಾಯಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡ 1ರಷ್ಟು ಮೀಸಲಾತಿ ಬಂತು. ದೇಶದಲ್ಲೇ ಇದು ಮೊದಲು. ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಂಜಮ್ಮ ಜೋಗತಿಯವರು ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು ಬೀದಿಯಲ್ಲೂ ವೇದಿಕೆಯಲ್ಲೂ ಕುಣಿದು ಹೆಸರಾದವರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. 1871ರ ಕಾಯಿದೆಯ ರಿಜಿಸ್ಟರಿನಲ್ಲಿ ಹೆಸರಿದ್ದು, ಇದೇ ಉಡುಗೆ ತೊಟ್ಟು, ಇದೇ ಕುಣಿತ ಕುಣಿದಿದ್ದರೆ ಅವರಿಗೆ ಎರಡು ವರ್ಷ ಜೈಲಾಗಬಹುದಿತ್ತು. ಒಂದು ಕೈಯಲ್ಲಿ ಪದಕ ಕೊಡುವ ಸರ್ಕಾರ ಇನ್ನೊಂದು ಕೈಯಲ್ಲಿ ಆ ಕಾಯಿದೆಯ ಚೂರನ್ನು ಹಿಡಿದುಕೊಳ್ಳುವುದು ಹೇಗೆ ಸರಿ?

ಸಾಮಾನ್ಯ ನಾಗರಿಕರು ಇದರಲ್ಲಿ ಏನು ಮಾಡಬಹುದು ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲನೆಯದಾಗಿ, ಮಸೂದೆಗಳನ್ನು ಓದುವುದು. ಸದನದಲ್ಲಿ ಮಂಡಿಸಿದ ಮಸೂದೆ ಗುಟ್ಟಿನ ಕಾಗದವಲ್ಲ. ನಮ್ಮಲ್ಲಿ ಬಜೆಟ್ ಮಂಡನೆಯ ದಿನ ಪೆಟ್ರೋಲಿನ ದರ ನೋಡುತ್ತೇವೆ, ಪೊಲೀಸ್ ಕಾಯಿದೆಗೆ ತಿದ್ದುಪಡಿ ಬಂದರೆ ಪುಟ ತಿರುಗಿಸುತ್ತೇವೆ. ಪತ್ರಿಕೆಯವರಾದ ನಾವೂ ಇದರಲ್ಲಿ ನಿರಪರಾಧಿಗಳಲ್ಲ. ಒಂದು ಕಾಲಕ್ಕೆ ಪತ್ರಿಕೆಗಳು ಈ ಜನರನ್ನು ಕರೆಯುತ್ತಿದ್ದ ಪದಗಳನ್ನು ಇಲ್ಲಿ ಮುದ್ರಿಸಲು ನಾಚಿಕೆಯಾಗುತ್ತದೆ. ಓದುಗರ ಕಿವಿಗೆ ಆ ಪದಗಳನ್ನು ರೂಢಿ ಮಾಡಿಸಿದ ಮೇಲೆ, ಅವೇ ಕಾನೂನಿನಲ್ಲಿ ಬಂದಾಗ ಯಾರಿಗೂ ಚುಚ್ಚದೆ ಹೋದದ್ದು ಆಶ್ಚರ್ಯವಲ್ಲ. ಎಲ್ಲರೂ ಸುಮ್ಮನಿದ್ದದ್ದು ಹೇಗೆ ಎಂಬ ಆರಂಭದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ.

ಎರಡನೆಯದು, ಬರೆಯುವುದು. ವಿಧಾನಮಂಡಲದ ಎರಡೂ ಸದನಗಳಲ್ಲಿ ಅರ್ಜಿಗಳ ಸಮಿತಿ ಇದೆ. ನಿಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆಯಲು ಕಾನೂನು ಪದವಿ ಬೇಕಿಲ್ಲ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು, ಹಳೆಯದಿರಲಿ ಹೊಸದಿರಲಿ, ಅಷ್ಟರಮಟ್ಟಿಗೆ ಶೂನ್ಯ ಎಂದು ಸಂವಿಧಾನದ 13ನೆಯ ವಿಧಿ ಹೇಳುತ್ತದೆ. ನ್ಯಾಯಾಲಯ ಹಾಗೆ ಹೇಳುವವರೆಗೆ ಕಾಯಬೇಕೆಂದಿಲ್ಲ. ಮಾಡಿದ ಶಾಸಕಾಂಗಕ್ಕೇ ಅದನ್ನು ತೆಗೆಯುವ ಅಧಿಕಾರವೂ ಇದೆ. ಹೈಕೋರ್ಟಿನ ಬಾಗಿಲು ತಟ್ಟುವ ಕಷ್ಟವನ್ನು ಪ್ರತಿ ಸಲವೂ ಹಿಜ್ರಾಗಳೇ ಹೊರಬೇಕೇಕೆ? ಮತಗಳ ಲೆಕ್ಕದಲ್ಲಿ ಅವರು ಕಡಿಮೆ. ನಾವು ಕಡಿಮೆಯಲ್ಲ.

ಪತ್ರ ಉದ್ದವಿರಬೇಕಿಲ್ಲ. ಕರ್ನಾಟಕ ಪೊಲೀಸ್ ಕಾಯಿದೆ, 1963, ಕಲಮು 36ಎ, ಪದ ಬದಲಿಸಿದ್ದು ಸಾಲದು, ಪೂರ್ತಿ ತೆಗೆಯಿರಿ. ಅಂಚೆ ಕಾರ್ಡಿನಲ್ಲಿ ಇಷ್ಟು ಬರೆದು, ಕೆಳಗೆ ನಿಮ್ಮ ಹೆಸರು ಮತ್ತು ವಿಳಾಸ ಹಾಕಲು ಜಾಗ ಉಳಿಯುತ್ತದೆ.